ಸಂಗೀತದ ಚೀಲದಲ್ಲಿ ಕಪ್ಪೆ

ಯೂನಿವರ್ಸಿಟಿ ಗಾಯಕಿ ಮಗಳಿಗೆ ಚಿಕ್ಕಪ್ಪನ ಆಶೀರ್ವಾದ.

ರಜೆಗೆ ಬಂದಾಗ ನೀನು ಮರೆತುಹೋದ ಚೀಲ ತೆರೆದೆವು. ಸಂಗೀತ ಓದುವವಳ ಚೀಲದಲ್ಲಿ ಕೊಯ್ದ ಕಪ್ಪೆಯ ಚಿತ್ರವೇಕೆ? ಎಲ್ಲ ವಿಷಯವನ್ನೂ ಒಂದಿಷ್ಟು ಕಲಿಸುತ್ತಾರೆ ಅಂತ ನೀನು ಹಿಂದೆ ಅಂದಿದ್ದೆ. ನನಗೆ ಅನುಮಾನ. ತುತ್ತೂರಿ ಊದಿ ಸುತ್ತಲಿನ ಊರೆಲ್ಲ ಎಬ್ಬಿಸಿದವನು ನಾನು, ನನ್ನ ಕೈಲಿ ಯಾರೂ ಕಪ್ಪೆ ಕೊಯ್ಯಿಸಲಿಲ್ಲ. ಹಾಡಿನ ಕ್ಲಾಸಿನಿಂದ ನಿನ್ನನ್ನು ಹೊರಗೆ ಹಾಕಿದ್ದಾರೋ? ನಿಜ ಹೇಳು, ಬಯ್ಯುವುದಿಲ್ಲ.

ನಿಮ್ಮಪ್ಪನಂತೂ "ಓದು ಸಾಕು, ಕರ್ಕೊಂಡು ಬರೋಣ ನಡಿ" ಅಂತ ಎದ್ದುಬಿಟ್ಟ. "ಗಂಟಲು ಹೇಗಿರುತ್ತೆ ಅಂತ ತಿಳಿಯೋಕೆ ಕಪ್ಪೆ ಬೇಕು ಕಣಣ್ಣಾ" ಅಂತ ನಾನೇ ರೈಲು ಬಿಟ್ಟಿದ್ದೇನೆ. ಅವನು ಪೂರ್ತಿ ನಂಬಿಲ್ಲ.

ಸೋಮವಾರ ಬರುತ್ತೇವೆ. ಅವನು ಬಾಯಿ ತೆರೆಯುವ ಮೊದಲೇ ಹಾಡಲು ಶುರು ಮಾಡು. ನಾನು ಪಕ್ಕದಲ್ಲೇ ನಿಂತಿರುತ್ತೇನೆ. ಎಲ್ಲಾದರೂ ಶ್ರುತಿ ತಪ್ಪಿದರೆ ಜೋರಾಗಿ ಕೆಮ್ಮಿ ಮುಚ್ಚಿಹಾಕುತ್ತೇನೆ.

ಇನ್ನೂ ಸಿಕ್ಕಿಬೀಳದ,
ನಿನ್ನ ಚಿಕ್ಕಪ್ಪ