ಬಿಳಿ ಗೆರೆ

ಅಪ್ಪಾ,

ಗಾಡಿಗೂ ನನಗೂ ಏನೂ ಆಗಿಲ್ಲ. ಇದನ್ನು ಫೋನಿನಲ್ಲಿ ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಊರ ಕಡೆ ಹೊರಟ ಲಾರಿಯವರ ಕೈಲಿ ಕಾಗದ ಕಳಿಸುತ್ತಿದ್ದೇನೆ.

ನಿನ್ನೆ ಇಳಿಜಾರಿನಲ್ಲಿ ಆಯಿಲ್ ದೀಪ ಹತ್ತಿಕೊಂಡಿತು. ಇಂಜಿನ್ ಆಫ್ ಮಾಡಿ ಗಾಡಿಯ ಕೆಳಗೆ ತೂರಿದೆ. ಹೊರಡುವ ಮುನ್ನ ಹಳೆ ಆಯಿಲ್ ಇಳಿಸಿ ನೀನು ಮತ್ತೆ ಹಾಕಿದ್ದ ಡ್ರೈನ್ ಪ್ಲಗ್ ಸೋರುತ್ತಿತ್ತು. ನೀನು ಬಿಗಿ ಮಾಡಿದ ಮೇಲೆ ಗುರುತಿಗೆಂದು ಎಳೆಯುವ ಬಿಳಿ ಬಣ್ಣದ ಗೆರೆ ಮಾತ್ರ ಪ್ಲಗ್‌ನಿಂದ ಆಯಿಲ್ ಚೇಂಬರ್‌ವರೆಗೆ ನೆಟ್ಟಗಿತ್ತು. ತಾನಾಗಿ ಸಡಿಲವಾಗಿದ್ದರೆ ಅದು ಮುರಿದಿರಬೇಕಿತ್ತು. ಎರಡು ಬೆರಳಿನಲ್ಲಿ ತಿರುಗಿಸಿದೆ, ಪ್ಲಗ್ ತಿರುಗಿತು. ಗೆರೆ ಮುರಿದದ್ದು ಆಗ. ನೀನು ಸ್ಪ್ಯಾನರ್ ಹಾಕದೆಯೇ ಗೆರೆ ಎಳೆದುಬಿಟ್ಟಿದ್ದೆ.

"ಗೆರೆ ಇದ್ರೆ ಮತ್ತೆ ಮುಟ್ಬೇಡ" ಅಂತ ನೀನೇ ಕಲಿಸಿದ್ದು. ನಾನೂ ಮುಟ್ಟಿರಲಿಲ್ಲ.

ಬಿಗಿ ಮಾಡಿ ಆಯಿಲ್ ತುಂಬಿಸಿದೆ. ಗಾಡಿಯ ಕೆಳಗೆ ಕಲ್ಲು ಬಡಿದು ಆಯಿಲ್ ಸೋರಿತು ಎಂದು ಮಾಲೀಕರಿಗೆ ಹೇಳಿದ್ದೇನೆ. ಕೇಳಿದರೆ ನೀನೂ ಹಾಗೇ ಹೇಳು.

ಹೋದ ತಿಂಗಳು ನೀನು ಗ್ಯಾಸ್ ಆರಿಸದೆ ಹೊರಗೆ ಹೋದೆ ಎಂದು ಅಮ್ಮ ಹೇಳಿದಾಗ, "ವಯಸ್ಸಾಯ್ತಲ್ಲಮ್ಮಾ, ಬಿಡು" ಎಂದು ನಾನು ನಕ್ಕಿದ್ದೆ. ಈಗ ನಗು ಬರುತ್ತಿಲ್ಲ. ಗುರುವಾರ ಬರುತ್ತೇನೆ. ಒಗೆದ ಅಂಗಿ ಹಾಕಿಕೊಂಡಿರು, ಡಾಕ್ಟರ ಹತ್ತಿರ ಹೋಗಿ ಬರೋಣ. ಬೇಡ ಅನ್ನಬೇಡ. ವಾದ ಮಾಡುವಷ್ಟು ತ್ರಾಣ ನನಗೆ ಉಳಿದಿಲ್ಲ.

ಇನ್ನು ಮುಂದೆ ಸ್ಪ್ಯಾನರ್ ನಾನು ಹಿಡಿಯುತ್ತೇನೆ. ಮುರಿದ ಗೆರೆಯನ್ನು ಉಜ್ಜಿ ತೆಗೆದಿದ್ದೇನೆ. ಹೊಸದನ್ನು ಎಳೆದಿಲ್ಲ. ಬಣ್ಣದ ಬ್ರಷ್ ನಿನ್ನ ಹತ್ತಿರವೇ ಇರಲಿ.

ನಿನ್ನ ಮಗಳು