ಸಡಿಲ ಬೋಲ್ಟು

ಮೆಕ್ಯಾನಿಕ್ ಸಾಹೇಬರೇ,

ಅಪ್ಪ ಹೋದಮೇಲೆ ಮೂಲೆ ಸೇರಿದ್ದ ಅವರ ಬೈಕನ್ನ ಮತ್ತೆ ರೋಡಿಗಿಳಿಸಿದೆ, ಶಭಾಶ್. ಆದರೆ ಹಿಂದಿನ ಮಡ್ಗಾರ್ಡ್ ಬೋಲ್ಟ್ ಬಿಗಿ ಮಾಡು ಅಂತ ನಿನಗೆ ಯಾವನೋ ಹೇಳಿದ್ದು? ಅಪ್ಪ ಅದನ್ನ ಬೇಕಂತಲೇ ಸಡಿಲ ಬಿಟ್ಟಿದ್ದರು ಕಣೋ! ಆ ಗಡಗಡ ಸದ್ದು ಬೀದಿ ತಿರುವಿನಲ್ಲಿ ಕೇಳಿದ್ದೇ ತಡ, ಅಮ್ಮ ಎದ್ದು ಬಾಗಿಲು ತೆಗೀತಿದ್ದಳು. ಅಪ್ಪ ಒಂದು ದಿನವಾದರೂ ಬೆಲ್ ಒತ್ತಿದ್ದು ನೋಡಿದ್ದೀಯಾ?

ನಿನ್ನೆ ಗಾಡಿ ಗೇಟಿಗೆ ಬಂದು ನಿಂತರೂ ಅಮ್ಮ ಕೂತಲ್ಲಿಂದ ಏಳಲಿಲ್ಲ. "ಪಕ್ಕದ್ಮನೆಗೆ ಯಾರೋ ಬಂದ್ರು ನೋಡೇ" ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು.

ನಾನು ಡ್ಯೂಟಿಗೆ ಹೊರಟೆ. ಸ್ಪ್ಯಾನರ್ ಕಿಟಕಿ ಮೇಲಿದೆ. ಬೋಲ್ಟ್ ಸಡಿಲ ಮಾಡಿ, ಒಂದು ಸುತ್ತು ಹೋಗಿ ಬಾ. ಬೆಲ್ ಮುಟ್ಟಿದರೆ ಕೈ ಮುರೀತೀನಿ. ಅಮ್ಮ ತಾನೇ ಎದ್ದು ಬರೋವರೆಗೂ ಬಾಗಿಲಲ್ಲೇ ನಿಂತಿರು.

ಅಕ್ಕ