ವಿಮಾನದಲ್ಲಿ ಕೂಗಿದ ಕಾಗೆ

ಪ್ರೀತಿಯ ಅಮ್ಮಚ್ಚೀ,

ಡಬ್ಲಿನ್‌ಗೆ ಸುಖವಾಗಿ ತಲುಪಿದೆವು. ವಿಮಾನದಲ್ಲಿ ಬಿಸಿನೀರು ಕೊಟ್ಟರು, ನಿನ್ನ ಬಾಳೆಕಾಯಿ ಪುಡಿಯ ಗಂಜಿ ಹದವಾಗಿಯೇ ಬಂತು. ನಿನ್ನ ಮೊಮ್ಮಗ ಮಾತ್ರ ನಾಲ್ಕು ಗಂಟೆ ಬಾಯಿ ಬಿಗಿದುಕೊಂಡು ಕೂತ, ನೀರನ್ನೂ ಮುಟ್ಟಲಿಲ್ಲ. ಹಿತ್ತಲಲ್ಲಿ "ಕಾ ಕಾ" ಎಂದು ಕಾಗೆ ಕರೆದು ಇವನಿಗೆ ಉಣಿಸುವ ಅಭ್ಯಾಸ ಮಾಡಿಸಿದವಳು ನೀನು. ಮೋಡದ ಮೇಲೆ ನಾನು ಎಲ್ಲಿಂದ ಕಾಗೆ ತರಲಿ?

ನನ್ನ ಗೋಳು ಕೇಳಿ ಪಕ್ಕದ ಸೀಟಿನ ಕುರಿಯಾಚನ್ ಎಂಬ ಅಜ್ಜ, "ಅಳ್ಬೇಡ ಮಗಳೇ, ಕಾಗೆ ತಾನೇ ಬೇಕಿರೋದು? ನಾನಿಲ್ವಾ!" ಎಂದು "ಕಾ... ಕಾ..." ಎಂದು ಕೂಗಿಯೇಬಿಟ್ಟರು. ಇಡೀ ಸಾಲು ತಿರುಗಿ ನೋಡಿತು. ಇವನು ಬಟ್ಟಲು ಖಾಲಿ ಮಾಡಿದ. ಆದರೆ ಒಮ್ಮೆಯೂ ಅಜ್ಜನತ್ತ ನೋಡಲಿಲ್ಲ. ಪ್ರತಿ ಕೂಗಿಗೂ ಹಿಂದಿನ ಸೀಟುಗಳಲ್ಲಿ ನಿನ್ನನ್ನು ಹುಡುಕುತ್ತಿದ್ದ.

ಪುಡಿ ಇನ್ನು ಎರಡು ವಾರಕ್ಕೆ ಸಾಕು. ಮತ್ತೆ ಪಾರ್ಸೆಲ್ ಮಾಡಬೇಡ, ನೀನೇ ತೆಗೆದುಕೊಂಡು ಬಾ.

ನಿನ್ನ ಮಗಳು
ಜಿಂಸಿ